ಹೊಗೆಗೂಡಿನ ಗೋಡೆಗೆ ಯಾವ ಗಾರೆ, ಯಾವ ಲೇಪ: ಮೂರು ಮಳೆಗಾಲಗಳ ಹೋಲಿಕೆ

ವರ್ಷದ ಬಹುಪಾಲು ತೇವದಿಂದ ಕೂಡಿದ ಗಾಳಿ ಇರುವಲ್ಲಿ ಇಟ್ಟಿಗೆಯ ಹೊಗೆಗೂಡನ್ನು ಕೆಡಿಸುವುದು ಒಳಹೊಕ್ಕ ನೀರಿಗಿಂತ ಹೆಚ್ಚಾಗಿ ಹೊರಬರಲು ದಾರಿ ಸಿಗದ ನೀರು. ಮೂರು ಮಳೆಗಾಲಗಳ ಕಾಲ ಒಂದೇ ಗೋಡೆಯ ಮೇಲೆ ಬೇರೆ ಬೇರೆ ವಿಧಾನಗಳನ್ನು ಅಕ್ಕಪಕ್ಕದಲ್ಲಿ ಪರೀಕ್ಷಿಸಿದ ಮೇಲೆ ನನಗೆ ಇದು ಖಚಿತವಾಯಿತು. ಒಲೆಯ ಮೇಲ್ಭಾಗದ ಗೋಡೆಯಲ್ಲಿ ಕಂದು ಕಲೆ ಹರಡಿ, ಮಾಡಿನ ಮೇಲಿನ ಇಟ್ಟಿಗೆಗಳಲ್ಲಿ ಉಪ್ಪಿನ ಬಿಳಿ ಹುಡಿ ಕಾಣಿಸಿಕೊಂಡಾಗ ನಾನು ಈ ಕೆಲಸಕ್ಕೆ ಕೈಹಾಕಿದೆ.

ಗಾಳಿಮಳೆ ನೇರವಾಗಿ ಬಡಿಯುವ ಮುಖವನ್ನು ನಾಲ್ಕು ಚೌಕಗಳಾಗಿ ವಿಂಗಡಿಸಿಕೊಂಡೆ. ಎಡ ಅರ್ಧದ ಸಂದುಗಳಿಗೆ ಒಂದಕ್ಕೆ ಮೂರರಂತೆ ಮರಳು ಬೆರೆಸಿದ ಸಿಮೆಂಟ್ ಗಾರೆ, ಬಲ ಅರ್ಧಕ್ಕೆ ಅದೇ ಪ್ರಮಾಣದ ಸುಣ್ಣದ ಗಾರೆ. ಗಾರೆ ಪೂರ್ತಿ ಒಣಗಿದ ಬಳಿಕ ಮೇಲಿನ ಎರಡು ಚೌಕಗಳಿಗೆ ಪೊರೆ ಕಟ್ಟುವ ಅಕ್ರಿಲಿಕ್ ಬಣ್ಣವನ್ನೂ ಕೆಳಗಿನ ಎರಡಕ್ಕೆ ಇಟ್ಟಿಗೆಯೊಳಗೆ ಇಂಗಿ ನೀರನ್ನು ತಡೆಯುವ ಸಿಲೇನ್-ಸಿಲಾಕ್ಸೇನ್ ದ್ರವವನ್ನೂ ಹಚ್ಚಿದೆ. ಕೆಳಗಿನ ಭಾಗಕ್ಕೆ ಮೇಲಿನಿಂದ ಹರಿದು ಬರುವ ನೀರೂ ಸೇರುವುದರಿಂದ ಅಲ್ಲಿಯ ಪರೀಕ್ಷೆಯೇ ಹೆಚ್ಚು ಕಠಿಣ. ನನಗೆ ಮೊದಲಿನಿಂದಲೂ ಒಲವಿದ್ದದ್ದು ಇಂಗುವ ದ್ರವದ ಕಡೆಗಾದ್ದರಿಂದ ಬೇಕೆಂದೇ ಅದಕ್ಕೆ ಕಷ್ಟದ ಜಾಗವನ್ನು ಕೊಟ್ಟೆ.

ಸಂದುಗಳನ್ನು ತುಂಬುವ ಮೊದಲು ಹಳೆಯ, ಸಡಿಲವಾದ ಗಾರೆಯನ್ನು ಉಳಿ ಸುತ್ತಿಗೆಯಿಂದ ಸುಮಾರು 20 ಮಿಲಿಮೀಟರ್ ಆಳಕ್ಕೆ ಕೆತ್ತಿ ತೆಗೆಯಬೇಕು, ಅದಕ್ಕಿಂತ ಕಡಿಮೆ ಆಳದಲ್ಲಿ ಮೆತ್ತಿದ ಹೊಸ ಗಾರೆ ಸಿಪ್ಪೆಯಂತೆ ಕಳಚಿಬೀಳುತ್ತದೆ. ಯಂತ್ರದಿಂದ ಕೊರೆದರೆ ಬೇಗ ಆಗುವುದು ನಿಜ, ಆದರೆ ಗರಗಸದ ಅಲಗು ಒಮ್ಮೆ ಜಾರಿದರೂ ಇಟ್ಟಿಗೆಯ ಅಂಚು ಶಾಶ್ವತವಾಗಿ ಗಾಯಗೊಳ್ಳುತ್ತದೆ. ಅಡ್ಡ ಸಂದುಗಳಲ್ಲಿ ಮಾತ್ರ ಯಂತ್ರ ಬಳಸಿ, ಲಂಬ ಸಂದುಗಳನ್ನು ಕೈಯಿಂದಲೇ ಬಿಡಿಸಿದೆ.

ಸಿಮೆಂಟ್ ಗಾರೆಯ ಕೆಲಸ ಒಂದೇ ದಿನದಲ್ಲಿ ಮುಗಿಯಿತು, ಮೂರನೆಯ ದಿನಕ್ಕೆ ಅದು ಕಲ್ಲಿನಂತಾಯಿತು. ಸುಣ್ಣ ಹಾಗಲ್ಲ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಗಟ್ಟಿಯಾಗಬೇಕು. ಬೇಗ ಒಣಗಿದರೆ ಪುಡಿಯಾಗುತ್ತದೆ, ನೀರು ನಿಂತರೆ ಮೆತ್ತಗೇ ಉಳಿಯುತ್ತದೆ. ಒದ್ದೆ ಗೋಣಿತಾಟನ್ನು ಒಂದು ವಾರ ಇಳಿಬಿಟ್ಟು, ಬಿಸಿಲು ಮತ್ತು ಮಳೆ ಎರಡರಿಂದಲೂ ಕಾಪಾಡಿದೆ. ಒಂದು ತಿಂಗಳು ಕಳೆದ ಮೇಲೂ ಮೊಳೆಯಿಂದ ಗೀರಿದರೆ ಗುರುತು ಬೀಳುತ್ತಿತ್ತು. ಮಳೆಗಾಲದ ಹೊಸ್ತಿಲಲ್ಲಿ ನಿಂತವರು ಸುಣ್ಣದ ಕೆಲಸ ಶುರುಮಾಡಬಾರದು, ಕನಿಷ್ಠ ಎರಡು ತಿಂಗಳ ಬಿಡುವು ಬೇಕು.

ಮೊದಲ ಮಳೆಗಾಲದಲ್ಲಿ ಎಲ್ಲಕ್ಕಿಂತ ಅಂದವಾಗಿ ಕಂಡದ್ದು ಅಕ್ರಿಲಿಕ್ ಬಳಿದ ಚೌಕಗಳೇ. ಹನಿಗಳು ಉರುಳಿ ಬೀಳುತ್ತಿದ್ದವು, ಗೋಡೆ ಹೊಸದರಂತೆ ಹೊಳೆಯುತ್ತಿತ್ತು. ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಸೂಚಿಸುತ್ತಿದ್ದೆನೇನೋ. ಎರಡನೆಯ ಮಳೆಗಾಲದ ನಡುವೆ ಸಿಮೆಂಟ್ ಗಾರೆಯ ಕಡೆಯ ಬಣ್ಣದಲ್ಲಿ ಅಂಗಿಯ ಗುಂಡಿಯಷ್ಟು ಗಾತ್ರದ ಬೊಬ್ಬೆಗಳು ಎದ್ದವು. ಒಂದನ್ನು ಸೂಜಿಯಿಂದ ಚುಚ್ಚಿದಾಗ ಚಹಾದ ಬಣ್ಣದ ನೀರು ತೊಟ್ಟಿಕ್ಕಿತು, ಅದಕ್ಕೆ ಮಸಿಯ ವಾಸನೆಯಿತ್ತು. ಹೊರಗಿನ ಮಳೆಯ ನೀರಿಗೆ ಆ ಬಣ್ಣ, ಆ ವಾಸನೆ ಬರುವುದಿಲ್ಲ. ಒಂದು ಕಿಲೋ ಒಣ ಸೌದೆ ಉರಿದರೂ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊಗೆಯೊಡನೆ ಮೇಲೇರುತ್ತದೆ. ತಣ್ಣಗಿನ ಕೊಳವೆಯ ಗೋಡೆಗೆ ತಾಗಿ ಅದು ಹನಿಗಟ್ಟಿ, ಮಸಿಯಲ್ಲಿರುವ ಆಮ್ಲಗಳನ್ನೂ ಉಪ್ಪುಗಳನ್ನೂ ಕರಗಿಸಿಕೊಂಡು ಇಟ್ಟಿಗೆಯೊಳಗೆ ಇಳಿಯುತ್ತದೆ. ಬಣ್ಣದ ಪೊರೆ ಆ ನೀರನ್ನು ಹೊರಗಿನಿಂದ ಮುಚ್ಚಿಹಾಕಿತ್ತು. ಮೂರನೆಯ ಮಳೆಗಾಲದಲ್ಲಿ ಬಣ್ಣ ಹಾಳೆ ಹಾಳೆಯಾಗಿ ಕಿತ್ತುಬಂದಾಗ ಅದರ ಬೆನ್ನಿಗೆ ಇಟ್ಟಿಗೆಯ ಮುಖವೂ ತೆಳ್ಳನೆಯ ಚಕ್ಕೆಯಾಗಿ ಅಂಟಿಕೊಂಡಿತ್ತು. ಗಟ್ಟಿ ಸಿಮೆಂಟ್ ಸಂದಿನಿಂದ ಹೊರಬರಲಾಗದ ತೇವವೆಲ್ಲ ಮೆದುವಾದ ಇಟ್ಟಿಗೆಯ ಮೂಲಕವೇ ಹಾದು, ಉಪ್ಪು ಅಲ್ಲೇ ಹರಳುಗಟ್ಟಿ ಅದನ್ನು ಒಡೆದಿತ್ತು. ಸುಣ್ಣದ ಗಾರೆಯ ಮೇಲಿನ ಅಕ್ರಿಲಿಕ್ ಚೌಕದಲ್ಲಿ ಇಟ್ಟಿಗೆ ಉಳಿಯಿತು, ಆದರೆ ಪೊರೆಯ ಹಿಂದೆ ಸುಣ್ಣ ಗಟ್ಟಿಯಾಗಲೇ ಇಲ್ಲ. ಬೆರಳಿನಿಂದ ಒತ್ತಿದರೆ ಹಿಟ್ಟಿನಂತೆ ಉದುರಿತು.

ಇಂಗುವ ದ್ರವ ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ. ಅದು ರಂಧ್ರಗಳನ್ನು ತುಂಬುವುದಿಲ್ಲ, ಅವುಗಳ ಒಳಗೋಡೆಗೆ ರಾಸಾಯನಿಕವಾಗಿ ಅಂಟಿಕೊಂಡು ದ್ರವರೂಪದ ನೀರನ್ನು ಮಾತ್ರ ತಡೆಯುತ್ತದೆ, ಆವಿಗೆ ದಾರಿ ಬಿಡುತ್ತದೆ. ಹಚ್ಚಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ಗೋಡೆ ಒಣಗಿರಲೇಬೇಕೆಂಬುದು ಅದರ ದೊಡ್ಡ ತೊಡಕು, ಸತತವಾಗಿ ಒಣ ಹವೆ ಸಿಗುವುದಕ್ಕೆ ನಾನು ಮೂರು ವಾರ ಕಾಯಬೇಕಾಯಿತು. ಕಡಿಮೆ ಒತ್ತಡದ ಸಿಂಪಡಕದಿಂದ ಕೆಳಗಿನಿಂದ ಮೇಲಕ್ಕೆ ತೋಯಿಸುತ್ತ ಹೋಗಿ, ಮೊದಲ ಸುತ್ತು ಒಣಗುವ ಮುಂಚೆಯೇ ಎರಡನೆಯ ಸುತ್ತನ್ನು ಮುಗಿಸಬೇಕು. ಸುಣ್ಣದ ಗಾರೆಯೊಡನೆ ಇದ್ದ ಚೌಕ ಮೂರು ವರ್ಷವೂ ಬಿಳಿ ಹುಡಿ ಕಾಣದೆ ನಿಂತಿತು. ಸಿಮೆಂಟ್ ಗಾರೆಯೊಡನೆ ಇದ್ದದ್ದು ಅಷ್ಟು ಒಳ್ಳೆಯದಾಗಿರಲಿಲ್ಲ: ಗಾರೆ ಕುಗ್ಗಿದಲ್ಲಿ ಇಟ್ಟಿಗೆಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟು, ಅದರೊಳಗೆ ನೀರು ಇಳಿಯುತ್ತಲೇ ಇತ್ತು. ಈ ದ್ರವ ಬಿರುಕನ್ನು ಮುಚ್ಚುವುದಿಲ್ಲ. ಹಾಗಾಗಿ ಸಂದುಗಳ ದುರಸ್ತಿ ಮುಗಿಸದೆ ಇದನ್ನು ಸಿಂಪಡಿಸುವುದು ಬರೀ ಖರ್ಚು.

ಗಟ್ಟಿಯಾಗಿ ಸುಟ್ಟ ಇಟ್ಟಿಗೆಯಿಂದ ಕಟ್ಟಿದ ಇತ್ತೀಚಿನ ಹೊಗೆಗೂಡುಗಳಿಗೆ ಬರೀ ಸುಣ್ಣವೇ ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಗಾಳಿಗೆ ಮರೆಯಾದ ಹಿಂಬದಿಯಲ್ಲಿ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಬೆರೆಸಿ ತುಂಬಿದ್ದು ಈವರೆಗೆ ಚೆನ್ನಾಗಿಯೇ ಇದೆ.

ಕೊಳವೆಯ ಸುತ್ತ ಹೊಗೆಗೂಡಿನ ತುದಿಯನ್ನು ಮುಚ್ಚುವ ನೆತ್ತಿಯ ವಿಷಯದಲ್ಲಿ ಮಾತ್ರ ನನಗೆ ಸಂದೇಹವೇ ಇಲ್ಲ, ಅಲ್ಲಿಗೆ ಕಾಂಕ್ರೀಟೇ ಬೇಕು. ಮೊದಲಿದ್ದ ಗಾರೆಯ ಇಳಿಜಾರಿನ ಮೇಲೆ ಹಿಗ್ಗುವ ರಬ್ಬರಿನಂಥ ಲೇಪ ಬಳಿದು ನೋಡಿದೆ, ಒಂದು ವರ್ಷದಲ್ಲಿ ಕೊಳವೆಯ ಬುಡದಲ್ಲಿಯೇ ಹರಿಯಿತು. ಬಿಸಿಗೆ ಹಿಗ್ಗುವ ಕೊಳವೆಗೂ ನೆತ್ತಿಗೂ ನಡುವೆ ತುಸು ಜಾಗ ಬಿಟ್ಟು, ಅದನ್ನು ಬಿಸಿ ತಾಳುವ ಮೆದು ಅಂಟಿನಿಂದ ತುಂಬಿ, ಗೋಡೆಯಿಂದ ಹೊರಕ್ಕೆ 50 ಮಿಲಿಮೀಟರ್ ಚಾಚುವಂತೆ, ಅಡಿಯಲ್ಲಿ ಹನಿ ಕತ್ತರಿಸುವ ಗೀರು ಇರುವಂತೆ ಹೊಸದಾಗಿ ಎರಕ ಹೊಯ್ಸಿದ ಮೇಲೆ ಗೋಡೆಯ ಮೇಲೆ ಹರಿಯುವ ನೀರೇ ಕಡಿಮೆಯಾಯಿತು. ಅದರ ಮೇಲಿನ ಟೋಪಿ ಸ್ಟೇನ್‌ಲೆಸ್ ಉಕ್ಕಿನದಾಗಿರಲಿ, ಸತು ಲೇಪಿಸಿದ ತಗಡು ಹೊಗೆಯ ಆಮ್ಲಕ್ಕೆ ತುಕ್ಕು ಹಿಡಿಯುತ್ತದೆ. ಜಾಲರಿಯ ಕಣ್ಣು ತೀರ ಸಣ್ಣದಾದರೆ ಮಸಿ ಕಟ್ಟಿ ಹೊಗೆ, ಅದರೊಡನೆ ಕಾರ್ಬನ್ ಮಾನಾಕ್ಸೈಡ್ ಕೂಡ, ಮನೆಯೊಳಗೆ ತಿರುಗಿ ಬರುವ ಅಪಾಯವಿದೆ.

ಮಾಡೂ ಹೊಗೆಗೂಡೂ ಸೇರುವಲ್ಲಿ ಒಂದು ಬದಿಗೆ ಡಾಂಬರು ಮೆತ್ತಿ, ಇನ್ನೊಂದು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಮಡಚಿದ ಸೀಸದ ತಗಡನ್ನು ಸಂದಿನೊಳಗೆ 25 ಮಿಲಿಮೀಟರ್ ತೂರಿಸಿ ಕೂರಿಸಿದ್ದೆ. ಡಾಂಬರು ಮೊದಲ ಬೇಸಗೆಯಲ್ಲೇ ಇಟ್ಟಿಗೆಯಿಂದ ಬಿಟ್ಟುಕೊಂಡಿತು. ಅಲ್ಯುಮಿನಿಯಂ ತಗಡನ್ನು ಹಸಿ ಗಾರೆಯೊಳಗೆ ನೇರವಾಗಿ ಹೂಳಬಾರದು, ಗಾರೆಯ ಕ್ಷಾರ ಅದನ್ನು ತಿಂದುಹಾಕುತ್ತದೆ.

ಈ ಎಲ್ಲಕ್ಕೂ ಮೊದಲು ಮಾಡಬೇಕಾಗಿದ್ದ ಪರೀಕ್ಷೆಯನ್ನು ನಾನು ಕೊನೆಗೆ ಮಾಡಿದೆ. ಒಬ್ಬರು ಒಳಗೆ ಗೋಡೆಯನ್ನು ನೋಡುತ್ತ ನಿಂತಿರಬೇಕು, ಇನ್ನೊಬ್ಬರು ಹೊರಗೆ ಕೊಳಾಯಿಯಿಂದ ಮಾಡಿನ ಸೇರುವೆಗೆ, ಅನಂತರ ಗೋಡೆಗೆ, ಕಡೆಗೆ ನೆತ್ತಿಗೆ ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಕಡೆಗೆ ಕಾಲು ಗಂಟೆ ನೀರು ಬಿಡಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒಮ್ಮೆಗೇ ತೋಯುವುದರಿಂದ ಸೋರಿಕೆಯ ಜಾಗ ತಿಳಿಯುವುದಿಲ್ಲ.

ಈ ವರ್ಷ ಅಕ್ರಿಲಿಕ್ ಬಣ್ಣವನ್ನು ಪೂರ್ತಿ ಕೆರೆದು ತೆಗೆದೆ, ಚಕ್ಕೆಯೆದ್ದ ಇಟ್ಟಿಗೆಗಳನ್ನು ಬದಲಿಸಿದೆ, ಮೇಲಿನ ಎರಡೂ ಚೌಕಗಳ ಸಂದುಗಳಿಗೆ ಹೊಸದಾಗಿ ಸುಣ್ಣದ ಗಾರೆ ತುಂಬಿದೆ. ಹಳೆಯ ಇಟ್ಟಿಗೆಗಳು ನಲವತ್ತು ದಿನ ಕಪ್ಪಗೇ ಇದ್ದವು, ಆಮೇಲೆ ಅಂಚಿನಿಂದ ಶುರುವಾಗಿ ಒಂದೊಂದಾಗಿ ಕೆಂಪಿಗೆ ತಿರುಗಿದವು. ಕೊನೆಯದೂ ಕೆಂಪಾದ ಮೇಲೆಯೇ ಅಲ್ಲಿಗೆ ಸಿಲಾಕ್ಸೇನ್ ಸಿಂಪಡಿಸಿದೆ.