ದಾವಣಗೆರೆ ಪಿ.ಜೆ. ಬಡಾವಣೆಯ ಈ ವಿಮಾನ ಟಿಕೆಟ್ ಅಂಗಡಿ ಮತ್ತು ಅಮ್ಮನ ಲಂಡನ್ ಪ್ರಯಾಣ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ತಂಗಿಯ ಬಾಣಂತನಕ್ಕೆ ಅಮ್ಮ ಜನವರಿಯಲ್ಲಿ ಲಂಡನ್‌ಗೆ ಹೋಗಬೇಕಿತ್ತು. ವಯಸ್ಸು 63, ಮೊದಲ ಸಲ ವಿಮಾನ, ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ನೆಟ್‌ನಲ್ಲಿ ನೋಡಿದರೆ ಬೆಂಗಳೂರಿಂದ ಲಂಡನ್‌ಗೆ ಸುಮಾರು 8,000 ಕಿ.ಮೀ., 9 ಗಂಟೆ ಅಂತ ತೋರಿಸಿತು. ಇಷ್ಟೇನಾ ಅಂದುಕೊಂಡೆ. ಅಂಗಡಿಯ ಯಜಮಾನರು ಬಿಡಿಸಿ ಹೇಳಿದರು. ಅದು ಗ್ಲೋಬಿನ ಮೇಲೆ ದಾರ ಎಳೆದು ಅಳೆದ ದೂರ, ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದ್ದಾರೆ ಅಷ್ಟೇ. ವಿಮಾನ ಆ ದಾರದ ಮೇಲೇ ಹೋಗಲು ಆಗುವುದಿಲ್ಲ. ಯುದ್ಧದಿಂದಾಗಿ 2022ರಿಂದ ಉಕ್ರೇನ್ ಆಕಾಶ ಬಂದ್ ಆಗಿದೆ, ಸುತ್ತಿ ಹೋಗಬೇಕು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಬೇರೆ ಇದೆ, ಹೋಗುವಾಗ ಎದುರಾಗುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಹಾಗಾಗಿ ಹೋಗಲು ಹತ್ತಿರಹತ್ತಿರ 11 ಗಂಟೆ, ಬರಲು 10.

ಆಮೇಲೆ ಒಂದು ಚೀಟಿ ತಗೊಂಡು ನಮ್ಮ ಮನೆ ಬಾಗಿಲಿಂದ ಲೆಕ್ಕ ಬರೆದರು. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಬೆಳಿಗ್ಗೆ 7ರ ವಿಮಾನಕ್ಕೆ ರಾತ್ರಿ 9ಕ್ಕೇ ದಾವಣಗೆರೆ ಬಿಡಿ, ಹಿರಿಯೂರಲ್ಲಿ ಟೀ ಕುಡಿಯಿರಿ, ಬೆಂಗಳೂರು ಊರೊಳಗೆ ಹೋಗದೆ ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿಕೊಳ್ಳಿ, ವಿಮಾನ ನಿಲ್ದಾಣದಲ್ಲಿ 3 ಗಂಟೆ ಮೊದಲೇ ಇರಿ ಅಂದರು. ಅಲ್ಲಿ ಇಳಿದು ತಂಗಿಯ ಮನೆ ಮುಟ್ಟುವ ಹೊತ್ತಿಗೆ ಪೂರ್ತಿ ಒಂದು ದಿನ! ಕೊಲ್ಲಿ ದೇಶದ ಮೇಲೆ ಹೋಗುವ ಟಿಕೆಟ್ ಅಗ್ಗ ಇತ್ತು, ಆದರೆ ನಡುವೆ 7 ಗಂಟೆ ಕಾಯಬೇಕು. ಅಮ್ಮ ಒಬ್ಬರೇ ಅಲ್ವಾ, ನೇರ ವಿಮಾನವೇ ಇರಲಿ ಅಂದರು. ಕೇಳದೇ ಗಾಲಿಕುರ್ಚಿಗೂ ಹೇಳಿಸಿದರು. ಆ ಸಹಾಯಕ್ಕೆ ಬಂದ ಹುಡುಗ ಇಮಿಗ್ರೇಷನ್‌ವರೆಗೂ ಜೊತೆಗಿದ್ದ ಅಂತ ಅಮ್ಮ ಈಗಲೂ ನೆನೆಯುತ್ತಾರೆ.

ತಪ್ಪಾಗಿದ್ದು ಏಪ್ರಿಲ್‌ನಲ್ಲಿ, ವಾಪಸ್ ಬರುವಾಗ. ಚೀಟಿಯಲ್ಲಿ ಲಂಡನ್ ಬಿಡುವ ತಾರೀಖನ್ನೇ ಬೆಂಗಳೂರು ಮುಟ್ಟುವ ತಾರೀಖು ಅಂತ ಬರೆದಿದ್ದರು. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ, ಮಾರ್ಚ್ ಕೊನೆಯಲ್ಲಿ ಅವರು ಗಡಿಯಾರ ಮುಂದಿಟ್ಟ ಮೇಲೆ ನಾಲ್ಕೂವರೆ. ಮಧ್ಯಾಹ್ನ ಒಂದೂವರೆಗೆ ಅಲ್ಲಿ ಬಿಟ್ಟರೆ ಇಲ್ಲಿಗೆ ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತದೆ. ನಾನು ಚೀಟಿ ನಂಬಿ ಒಂದು ದಿನ ಮೊದಲೇ ಕಾರು ಮಾಡಿಕೊಂಡು ಹೋಗಿ, ಅಮ್ಮ ಕಾಣದೆ ಗಾಬರಿಯಾಗಿ ತಂಗಿಗೆ ಫೋನ್ ಮಾಡಿದರೆ, ಅಮ್ಮ ಇನ್ನೂ ಅವಳ ಮನೆಯಲ್ಲಿ ಮಲಗಿದ್ದರು. ಒಂದು ದಿನ ಜಾಸ್ತಿ ಕಾರಿನ ಬಾಡಿಗೆ, ರೂಮಿನ ಬಾಡಿಗೆ ಎರಡೂ ಬಿತ್ತು.

ಊರಿಗೆ ಬಂದ ಮೇಲೆ ಹೋಗಿ ಹೇಳಿದೆ. ಯಜಮಾನರು ವಾದ ಮಾಡಲಿಲ್ಲ, ತಪ್ಪು ನಮ್ಮದೇ ಅಂತ ಒಪ್ಪಿಕೊಂಡು ಅವರ ಕಮಿಷನ್ ವಾಪಸ್ ಕೊಟ್ಟರು. ಮುಂದಿನ ಸಲವೂ ಅಲ್ಲಿಗೇ ಹೋಗುತ್ತೇನೆ. ನೀವು ಹೋದರೆ ಮುಟ್ಟುವ ತಾರೀಖನ್ನು ಟಿಕೆಟ್ ನೋಡಿಕೊಂಡೇ ಬರೆಸಿಕೊಳ್ಳಿ.