ಬಿಳಿ ಬ್ರೀಚಸ್‌ನ ಡ್ರೈಕ್ಲೀನ್ ಅಂಗಡಿಗೆ ಕೊಡೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ನಂದೂ ಇದೆ. ಆದ್ರೆ ₹6,800 ಕೊಟ್ಟು ತಂದ ಬ್ರೀಚಸ್ (ಕುದುರೆ ಸವಾರಿಗೆ ಹಾಕೋ ಬಿಗಿ ಪ್ಯಾಂಟು) ಹಾಳು ಮಾಡಿ, ಮೇಲೆ ₹450 ಬಿಲ್ ತಗೊಂಡು, ಕೊನೆಗೆ ನನಗೇ ಬುದ್ಧಿ ಹೇಳಿ ಕಳಿಸಿದ್ರಲ್ಲ, ಅದಕ್ಕೆ ಹೊಟ್ಟೆ ಉರೀತಿದೆ.

ಮಗಳು ಯಲಹಂಕದ ಕಡೆ ಕುದುರೆ ಸವಾರಿ ಕಲೀತಿದಾಳೆ. ಮಕ್ಕಳನ್ನ ಕಳಿಸೋರಿಗೆ ಗೊತ್ತು, ದಿನದ ಕ್ಲಾಸಿಗೆ ಕಪ್ಪು, ಕಂದು ಏನಾದ್ರೂ ನಡೆಯುತ್ತೆ, ಶೋ ದಿನ, ಅಂದ್ರೆ ಸ್ಪರ್ಧೆ ದಿನ ಮಾತ್ರ ಬಿಳೀದು ಇಲ್ಲಾ ತೀರಾ ತಿಳಿ ಬಣ್ಣದ್ದೇ ಬೇಕು. ಈ ಸಲದ ಶೋಗೆ ಹಿಂದಿನ ರಾತ್ರಿ ಮಳೆ, ನೆಲವೆಲ್ಲ ಕೆಸರು. ಹಾರಬೇಕಾದ ಅಡ್ಡಗಂಬದ ಮುಂದೆ ಕುದುರೆ ಗಕ್ಕನೆ ನಿಂತುಬಿಡ್ತು, ಇವಳು ಜಾರಿ ಬಿದ್ದಳು. ಏಟಾಗಲಿಲ್ಲ, ಪುಣ್ಯ. ಎಡಗಾಲು ತೊಡೆಯಿಂದ ಮೊಣಕಾಲಿನವರೆಗೂ ಕೆಮ್ಮಣ್ಣು.

ನಾನೇನು ಮಾಡಿದೆ? ಅಲ್ಲೇ ಒದ್ದೆ ಟಿಶ್ಯೂ ತಗೊಂಡು ಗಸಗಸ ಉಜ್ಜಿದೆ. ಮೇಲಿದ್ದ ಮಣ್ಣು ನೂಲಿನೊಳಗೆ ಹೋಗಿ ಕೂತ್ಕೊಳ್ತು. ಮನೆಗೆ ಬಂದ್ರೆ ಅಮ್ಮ, "ಹಸಿ ಮಣ್ಣನ್ನ ಯಾರಾದ್ರೂ ಉಜ್ತಾರೇನೋ? ಒಣಗಲಿ ಬಿಡು, ಕೊಡವಿ ತಣ್ಣೀರಿಗೆ ಹಾಕೋಣ" ಅಂದ್ರು. ನಾನು ಕೇಳ್ಬೇಕಲ್ಲ! ಮುಂದಿನ ಭಾನುವಾರ ಇನ್ನೊಂದು ಶೋ ಇದೆ, ದೊಡ್ಡ ಅಂಗಡಿಗೇ ಕೊಡ್ತೀನಿ ಅಂತ ಜಂಬ.

ಗಾಜಿನ ಬಾಗಿಲು, ಎಸಿ, "ಎಂಥಾ ಕಲೆಯಾದ್ರೂ ತೆಗೀತೀವಿ" ಅಂತ ಬೋರ್ಡು. ಲೇಬಲ್ ತಿರುಗಿಸಿ ತೋರಿಸಿದೆ. ತ್ರಿಕೋನದ ಮೇಲೆ ಇಂಟು ಮಾರ್ಕು, ಅಂದ್ರೆ ಬ್ಲೀಚ್ ಬೇಡ. ವೃತ್ತದ ಮೇಲೂ ಇಂಟು, ಡ್ರೈಕ್ಲೀನ್ ಬೇಡ. "ನೀರಲ್ಲೇ ಒಗೀರಿ, ಬ್ಲೀಚ್ ಮುಟ್ಟಿಸಬೇಡಿ" ಅಂದೆ. ಎರಡು ಸಲ ಅಂದೆ. ಕೌಂಟರ್ ಹುಡುಗ ಲೇಬಲ್ ಕಡೆ ನೋಡಲೂ ಇಲ್ಲ. "ದಿನಾ ನೋಡ್ತೀವಿ ಸಾರ್, ಟೆನ್ಷನ್ ತಗೋಬೇಡಿ."

ಶುಕ್ರವಾರ ಸಂಜೆ ಕೊಟ್ರು. ಪ್ಲಾಸ್ಟಿಕ್ ಕವರ್, ಗರಿಗರಿ ಇಸ್ತ್ರಿ, ಬೆಳ್ಳಗೆ ಕಾಣಿಸ್ತಿತ್ತು. ದುಡ್ಡು ಕೊಟ್ಟು ಬಂದೆ. ಮನೇಲಿ ಕವರ್ ಬಿಚ್ಚಿದ ಕೂಡ್ಲೇ ಬಾತ್‌ರೂಮ್ ತೊಳೆದ ವಾಸನೆ! ಬಿಡಿಸಿ ನೋಡಿದ್ರೆ ಚೆನ್ನಾಗಿದ್ದ ಬಲಗಾಲು ಮೇಲೆ ಬರೋ ಹಾಗೆ ಮಡಚಿದಾರೆ. ಎಡಗಾಲಲ್ಲಿ ಕಲೆ ಹಾಗೇ ಇದೆ, ಸುತ್ತ ಅರಿಶಿನ ಚೆಲ್ಲಿದ ಹಾಗೆ ಹಳದಿ. ಜೀನಿನ ಮೇಲೆ ಜಾರದೇ ಇರಲಿ ಅಂತ ಮೊಣಕಾಲಿಗೆ ಅಂಟಿಸಿರೋ ಸಿಲಿಕೋನ್ ಗ್ರಿಪ್ ಹಳೇ ಗೋಡೆಯ ಸುಣ್ಣದ ಥರ ಉದುರ್ತಿದೆ. ಎಳೆದ್ರೆ ಬಟ್ಟೆ ವಾಪಸ್ ಬರ್ತಿಲ್ಲ, ಜೋತುಬಿದ್ದಿದೆ. ಮಡಚಿದ ರೀತಿ ನೋಡಿ! ಗೊತ್ತಿದ್ದೇ ಮಡಚಿದಾರೆ. ಅದೇ ನನ್ನ ಸಿಟ್ಟು.

ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಹೋಗಿ ನಿಂತೆ.

"ಇದು ಮೊದಲೇ ಹೀಗಿತ್ತು ಸಾರ್."

ಕೊಡೋ ಮುಂಚೆ ತೆಗೆದ ಫೋಟೋ ತೋರಿಸಿದೆ.

"ಕೆಮ್ಮಣ್ಣು ಸಾರ್, ಯಾರ ಕೈಲೂ ಹೋಗಲ್ಲ."

ಹಾಗಾದ್ರೆ ಬೋರ್ಡ್ ಯಾಕೆ ಹಾಕಿದೀರಿ ಅಂದೆ. ಮ್ಯಾನೇಜರ್ ಬಂದ್ರು. ಬಟ್ಟೆ ಮುಟ್ಟಿ ನೋಡಿ, "ನೀವೇ ಒದ್ದೆ ಇದ್ದಾಗ ಉಜ್ಜಿದೀರಲ್ಲ ಸಾರ್?" ಅಂದ್ರು. ನನ್ನ ಬಾಯಿ ಕಟ್ಟಿಹೋಯ್ತು. ಅಷ್ಟು ಸಾಕಾಯ್ತು ಅವರಿಗೆ. ಬಿಲ್ ತಿರುಗಿಸಿ ಇರುವೆ ಗಾತ್ರದ ಅಕ್ಷರ ತೋರಿಸಿದ್ರು: ಕಲೆ ಹೋಗದಿದ್ರೆ, ಬಣ್ಣ ಬದಲಾದ್ರೆ ನಾವು ಜವಾಬ್ದಾರರಲ್ಲ. "ಬೇಕಿದ್ರೆ ಮುಂದಿನ ಸಲ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ." ಮುಂದಿನ ಸಲ ಅಂತೆ!

ನಮ್ಮ ಬೀದಿ ಕೊನೇಲಿ ಇಸ್ತ್ರಿ ಗಾಡಿ ಇಟ್ಟಿರೋ ಹಿರಿಯರಿಗೆ ತೋರಿಸಿದೆ. "ಕೆಮ್ಮಣ್ಣಿಗೆ ಬ್ಲೀಚ್ ಹಾಕ್ತಾರಾ ಸ್ವಾಮಿ? ಅದರಲ್ಲಿರೋದು ಕಬ್ಬಿಣ. ತುಕ್ಕು ತೆಗೆಯೋ ಮದ್ದು ಬೇರೆ, ಇದು ಬೇರೆ" ಅಂದ್ರು. ಇಷ್ಟು ಗೊತ್ತಿರೋರು ರಸ್ತೆ ಮೇಲಿದಾರೆ, ಗೊತ್ತಿಲ್ಲದೋರು ಎಸಿಯಲ್ಲಿ. ಲೈಕ್ರಾ (ಎಳೆದ್ರೆ ಹಿಗ್ಗೋ ನೂಲು) ಇರೋ ಇಂಥ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಬಿದ್ರೆ ಹಳದಿಯಾಗುತ್ತೆ, ಎಳೆತ ಸಾಯುತ್ತೆ ಅಂತ ಆಮೇಲೆ ಓದಿಕೊಂಡೆ. ಓದಿ ಏನು ಪ್ರಯೋಜನ.

ಕೊಡಲೇಬೇಕು ಅಂದ್ರೆ "ಬ್ಲೀಚ್ ಬೇಡ" ಅಂತ ಬಿಲ್ ಮೇಲೇ ಬರೆಸಿಕೊಳ್ಳಿ. ಕವರ್‌ನ ಕೌಂಟರ್‌ನಲ್ಲೇ ಬಿಚ್ಚಿ, ಎರಡೂ ಕಾಲು ಬಿಡಿಸಿ ನೋಡಿ, ಆಮೇಲೆ ದುಡ್ಡು. ಹುಡುಗ ಮುಖ ಗಂಟು ಹಾಕ್ಕೊಂಡ್ರೆ ಹಾಕ್ಕೊಳ್ಳಲಿ. ಬಿಸಿನೀರು ಬೇಡ, ಬಟ್ಟೆ ಮೆತ್ತಗೆ ಮಾಡೋ ಕಂಫರ್ಟೂ ಬೇಡ. ಒದ್ದೆ ಟಿಶ್ಯೂ ಅಂತೂ ಬೇಡವೇ ಬೇಡ.

ಭಾನುವಾರ ಮಗಳು ಗೆಳತಿಯ ಬ್ರೀಚಸ್ ಇಸ್ಕೊಂಡು ಸವಾರಿ ಮಾಡಿದಳು, ಸೊಂಟಕ್ಕೆ ಎರಡು ಪಿನ್ನು. ಅದಕ್ಕೂ ಕೆಸರು ಹಾರಿದೆ. ಈಗ ಬಾಲ್ಕನಿಯಲ್ಲಿ ಒಣಗ್ತಿದೆ, ಅಮ್ಮ ಪಕ್ಕದಲ್ಲೇ ಹಳೇ ಟೂತ್‌ಬ್ರಷ್ ಇಟ್ಕೊಂಡು ಕೂತಿದಾರೆ. ನಾನು ಆ ಕಡೆ ತಲೆ ಹಾಕ್ತಿಲ್ಲ.