ಕೆರೆ ಉಳಿಸುತ್ತೇವೆ ಅಂತ ಬಂದವರಿಗೆ ಕೆರೆ ಒಪ್ಪಿಸುವ ಮುಂಚೆ ಇದನ್ನು ಓದಿ

ಶಿರಹಟ್ಟಿ ಕಡೆಯ ನಮ್ಮೂರ ಕೆರೆ ಸಮಿತಿಯಲ್ಲಿ ನಾನೂ ಒಬ್ಬ. ಒಬ್ಬ ಪರಿಸರ ಸಲಹೆಗಾರರ ಮಾತು ನಂಬಿ ನಾವು ಕೆರೆಯನ್ನೇ ಕೆಡಿಸಿಕೊಂಡೆವು. ಈಗ ಅವರು ಹಾವೇರಿ ಕಡೆಯ ಹಳ್ಳಿಗಳಲ್ಲಿ ಓಡಾಡುತ್ತಿದ್ದಾರಂತೆ. ಅದಕ್ಕೇ ಬರೆಯುತ್ತಿದ್ದೇನೆ.

2024ರ ಜನವರಿಯಲ್ಲಿ ನಮ್ಮ ತಾಲೂಕಿನ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಘೋಷಣೆ ಆಯಿತು. ಪ್ರತಿ ಚಳಿಗಾಲ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಕೆರೆ ಅದು. ನಮ್ಮ ಕೆರೆ ಸಣ್ಣದು, ಆದರೂ ಒಂದಷ್ಟು ಹಕ್ಕಿ ಇಲ್ಲಿಗೂ ಬರುತ್ತಿದ್ದವು. ನಮ್ಮದನ್ನೂ ಉಳಿಸೋಣ ಅಂತ ಮನೆಮನೆಗೆ ಹೋಗಿ ಪಟ್ಟಿ ಎತ್ತಿದೆವು. 4 ಲಕ್ಷ 20 ಸಾವಿರ ಕೂಡಿತು. ಶೇಂಗಾ ಮಾರಿದ ದುಡ್ಡು ಕೊಟ್ಟವರಿದ್ದಾರೆ ಅದರಲ್ಲಿ.

ಸಲಹೆಗಾರರು ಬಂದದ್ದು ಮೇ ತಿಂಗಳಲ್ಲಿ. ಕೆರೆ ಪೂರ್ತಿ ಬತ್ತಿತ್ತು. ಅರ್ಧ ದಿನ ಸುತ್ತಾಡಿದರು, ಡ್ರೋನ್ ಹಾರಿಸಿದರು, ಹೋದರು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಹರಡುತ್ತದೆ, ಚಳಿಗಾಲದಲ್ಲಿ ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತ ಒಬ್ಬರನ್ನೂ ಕೇಳಲಿಲ್ಲ. ಆಮೇಲೆ ಬಂದ ವರದಿ ಇಂಗ್ಲಿಷಿನಲ್ಲಿತ್ತು. ಯಾರೂ ಪೂರ್ತಿ ಓದಲಿಲ್ಲ, ಸಹಿ ಹಾಕಿದೆವು. ಕಾಲೇಜಿಗೆ ಹೋಗುವ ನನ್ನ ಮಗಳು ಓದಿದಾಗ ಕೆಲಸ ಮುಗಿದೇ ಹೋಗಿತ್ತು. ನೆಡಬೇಕಾದ ಗಿಡಗಳ ಪಟ್ಟಿಯಲ್ಲಿ ಕಾಂಡ್ಲ ಇತ್ತು. ಸಮುದ್ರದ ಉಪ್ಪುನೀರು ಸೇರುವ ಅಳಿವೆಯಲ್ಲಿ ಬೆಳೆಯುವ ಗಿಡ ಅದು, ಗದಗಿನ ಎರೆ ಹೊಲದ ನಡುವಿನ ಕೆರೆಗೆ ಹೇಗೆ ಬಂತು? ಕರಾವಳಿಯ ಯಾವುದೋ ವರದಿಯಲ್ಲಿ ಊರಿನ ಹೆಸರು ಬದಲಿಸಿ ಕೊಟ್ಟಿದ್ದರು.

ಗಿಡಕ್ಕಿಂತ ದೊಡ್ಡ ನಷ್ಟ ಜೆಸಿಬಿಯಿಂದ ಆಯಿತು. ಹೂಳು ತೆಗೆಯುವ ಹೆಸರಲ್ಲಿ ದಂಡೆಯನ್ನು ಸುತ್ತಲೂ ಗೋಡೆಯ ಹಾಗೆ ನೆಟ್ಟಗೆ ಕಡಿದರು. ಮೊದಲು ನಮ್ಮ ಕೆರೆಯ ಅಂಚು ನಿಧಾನಕ್ಕೆ ಇಳಿಯುತ್ತಿತ್ತು. ಪಾದ ಮುಳುಗುವಷ್ಟು ನೀರು, ಕೆಸರು, ಜೇಕಿನ ಹುಲ್ಲು. ಮೆಟ್ಟುಗಾಲು ಹಕ್ಕಿ, ಚಮಚದ ಕೊಕ್ಕಿನ ಹಕ್ಕಿ ಎಲ್ಲ ಮೇಯುವುದು ಅಂಥ ಕಡೆಯೇ. ಆಳ ನೀರಲ್ಲಿ ಅವಕ್ಕೆ ನಿಲ್ಲಲಿಕ್ಕೆ ಆಗುವುದಿಲ್ಲ. ಮೇಲ್ಪದರದ ಕೆಸರಿನಲ್ಲಿ ಜೇಕು, ಆಪು ಇಂಥವುಗಳ ಬೀಜ ವರ್ಷಗಟ್ಟಲೆ ಉಳಿದು, ನೀರು ಬಂದಾಗ ತಾವೇ ಚಿಗುರುತ್ತವೆ. ಆ ಪದರವೇ ಟ್ರ್ಯಾಕ್ಟರ್ ಏರಿ ಹೋಯಿತು. ಕೆರೆಯೊಳಗಿನ ಹಳೇ ಕರಿಜಾಲಿ ಮರಗಳನ್ನೂ ಕಿತ್ತರು. ಕೊಕ್ಕರೆ ಗೂಡು ಕಟ್ಟುವ ಮರಗಳು ಅವು. ಕೀಳಬೇಕಾದ ಬಳ್ಳಾರಿ ಜಾಲಿಯನ್ನು ಮಾತ್ರ ಬುಡಕ್ಕೆ ಕಡಿದು ಬಿಟ್ಟರು. ಬೇರು ಸಮೇತ ತೆಗೆಯದಿದ್ದರೆ ಅದು ಮೊದಲಿಗಿಂತ ಜಾಸ್ತಿ ಕವಲೊಡೆದು ಬರುತ್ತದೆ. ಈಗ ಹಾಗೇ ಬಂದಿದೆ.

ಏರಿ ಪಕ್ಕಕ್ಕೆ "ದೇಸಿ ಗಿಡ" ಅಂತ ಹೇಳಿ 600 ಸಸಿ ನೆಟ್ಟರು. ಕುರಿ ಕಾಯುವ ನಮ್ಮ ಕಾಕಾ ಒಂದು ಎಲೆ ಹರಿದು ನೋಡಿ, "ಇದು ನಮ್ಮ ಕಡೆ ಗಿಡ ಅಲ್ಲೋ ತಮ್ಮಾ" ಅಂದರು. ಅವರ ಮಾತು ಸರಿಯಿತ್ತು. ಅದು ಕೊನೋಕಾರ್ಪಸ್, ಹೊರದೇಶದ ಗಿಡ. ಗುಜರಾತಿನಲ್ಲಿ 2023ರಲ್ಲೇ ಅದನ್ನು ನೆಡದಂತೆ ನಿಷೇಧ ಹಾಕಿದ್ದಾರೆ. ಜೊತೆಗೆ ತಂದಿದ್ದ ಮಲೆನಾಡಿನ ಸಸಿಗಳು ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟಾಗ ಬೇರು ಒಣಗಿ ಸತ್ತವು. ಹೊಂಗೆ, ಲಕ್ಕಿ, ಹೊಳೆಮತ್ತಿ, ನೇರಳೆ ನಮ್ಮ ಹಳ್ಳದ ದಂಡೆಯಲ್ಲೇ ಇವೆ. ಅವುಗಳಿಂದಲೇ ಬೀಜ ಆರಿಸಿ ಸಸಿ ಮಾಡಬಹುದಿತ್ತು.

ಸಲಹೆಗಾರರಿಗೆ ಫೋನ್ ಮಾಡಿದರೆ "ವರದಿಯಲ್ಲಿ ಇದ್ದದ್ದನ್ನೇ ಮಾಡಿದ್ದೇವೆ, ನೀವೇ ಸಹಿ ಹಾಕಿದ್ದೀರಲ್ಲ" ಅಂದರು. ದುಡ್ಡು ಪೂರ್ತಿ ಮುಂಗಡ ಕೊಟ್ಟಿದ್ದೆವು. ಕೇಳಲಿಕ್ಕೆ ನಮ್ಮ ಕೈಯಲ್ಲಿ ಏನೂ ಉಳಿದಿರಲಿಲ್ಲ.

ನಿಮ್ಮೂರಿಗೆ ಇಂಥವರು ಬಂದರೆ ಮೊದಲು ನೀರು ತುಂಬಿದಾಗ ಒಮ್ಮೆ, ನವೆಂಬರ್ ನಂತರ ಹಕ್ಕಿ ಬಂದಾಗ ಒಮ್ಮೆ ಬಂದು ನೋಡಲಿಕ್ಕೆ ಹೇಳಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ. ವರದಿ ಕನ್ನಡದಲ್ಲೇ ಇರಲಿ, ಗಿಡದ ಹೆಸರೂ ನಾವು ಕರೆಯುವ ಹೆಸರೇ ಇರಲಿ. ಆ ಪಟ್ಟಿಯನ್ನು ದನ, ಕುರಿ ಕಾಯುವವರಿಗೆ ಓದಿ ಹೇಳಿ. ಅರ್ಧ ದುಡ್ಡನ್ನಾದರೂ ಎರಡನೇ ಬೇಸಿಗೆ ದಾಟಿ ಎಷ್ಟು ಸಸಿ ಉಳಿದಿವೆ ಅಂತ ಎಣಿಸಿದ ಮೇಲೆ ಕೊಡಿ.

ನಮ್ಮ ಕೆರೆಯ ಮೂಡಣ ಮೂಲೆಗೆ ಜೆಸಿಬಿ ಹೋಗಿರಲಿಲ್ಲ. ಹೋದ ಚಳಿಗಾಲ ಹಕ್ಕಿ ಕಂಡದ್ದು ಅಲ್ಲಿ ಮಾತ್ರ. ಆ ಮೂಲೆಗೆ ಈಗ ಯಾವ ಯಂತ್ರವನ್ನೂ ಬಿಡುತ್ತಿಲ್ಲ. ವರದಿಯ ಝೆರಾಕ್ಸ್ ಪ್ರತಿ ಸಮಿತಿಯ ಹತ್ತಿರ ಇದೆ, ಯಾರು ಬೇಕಾದರೂ ಬಂದು ನೋಡಬಹುದು.